ಎಡಗಿವಿಯ ಲೆಕ್ಕ

ಮೇ ಕೊನೆಗೆ ಹಿಡಿದ ಶೀತ
ಮೂಗಿನಿಂದ ಇಳಿಯಿತು, ಎಡಗಿವಿಯಲ್ಲಿ ಉಳಿಯಿತು.
ಜೂನ್ ಒಂದಕ್ಕೆ ಮಲ್ಪೆಯ ಬೋಟುಗಳೆಲ್ಲ ಹಗ್ಗ ಕಟ್ಟಿ ನಿಂತವು,
ಏಲಂ ಇಲ್ಲ, ಐಸ್ ಪುಡಿ ಮಾಡುವ ಯಂತ್ರ ಇಲ್ಲ.
ಬಂದರೇ ಬಾಯಿ ಮುಚ್ಚಿದ್ದರಿಂದ
ಕಿವಿ ಮುಚ್ಚಿದ್ದು ನನಗೆ ತಿಳಿಯಲೇ ಇಲ್ಲ.

ಆಗಸ್ಟಿನಲ್ಲಿ ತಿಳಿಯಿತು.
ದಕ್ಕೆಯ ತುಳುವಿನಲ್ಲಿ ಎಳ್ಪ ಎಂದರೆ ಎಪ್ಪತ್ತು,
ಎಣ್ಪ ಎಂದರೆ ಎಂಬತ್ತು,
ನಡುವೆ ನಾಲಗೆ ತುದಿಯಷ್ಟೇ ಅಂತರ.
ಮುನ್ನೂರ ನಲವತ್ತು ಕಿಲೋ ಬಂಗುಡೆ
ಎಣ್ಪಕ್ಕೆ ಹೋದದ್ದನ್ನು ನಾನು ಎಳ್ಪವೆಂದು ಬರೆದೆ.
ಸಂಜೆ ಲೆಕ್ಕಕ್ಕೆ ಮೂರು ಸಾವಿರದ ನಾನೂರು ಕಮ್ಮಿ.
ದಾಮೋದರ ಕುಂದರರು ಬೈಯಲಿಲ್ಲ,
ಕನ್ನಡಕ ತೆಗೆದು ಒರೆಸಿದರು.
ಬೈದಿದ್ದರೆ ಆಗುತ್ತಿತ್ತು.

ನನ್ನ ಮಾತು ನನಗೇ
ಕೊಡಪಾನದೊಳಗಿನಿಂದ ಕೇಳುತ್ತಿತ್ತು.
ಚಕ್ಕುಲಿ ಕಡಿದರೆ ತಲೆಯೊಳಗೆ ಜಲ್ಲಿ ಕ್ರಷರು.
ಬೆಳ್ಳುಳ್ಳಿ ಎಣ್ಣೆ ಬಿಡು ಎಂದರು ಅತ್ತೆ,
ಬಿಡಲೇಬೇಡಿ ಎಂದಳು ಮೆಡಿಕಲ್ಲಿನ ಹುಡುಗಿ,
ಮೂಗು ಹಿಡಿದು ಊದಿ ಎಂದರು ಬಸ್ಸಿನಲ್ಲಿ ಪಕ್ಕ ಕೂತವರು.
ಊದಿದೆ. ಒಂದು ಗಳಿಗೆ ಲೋಕ ತೆರೆದು
ಮತ್ತೆ ಕದ ಹಾಕಿಕೊಂಡಿತು.

ಕಲ್ಸಂಕದ ಹತ್ತಿರ, ಎರಡನೇ ಮಾಳಿಗೆ.
"ದೊಡ್ಡವರಿಗೆ, ಅದೂ ಒಂದೇ ಕಿವಿಗೆ ನೀರು ಕಟ್ಟಿದರೆ
ಮೂಗಿನ ಹಿಂದೆ ಒಮ್ಮೆ ನೋಡಬೇಕು" ಎಂದರು ಡಾಕ್ಟರಮ್ಮ.
ಏನು ನೋಡಲಿಕ್ಕೆ ಎಂದು ನಾನು ಕೇಳಲಿಲ್ಲ.
ಸುಧಾಕರ ಗೋಡೆಯ ಕ್ಯಾಲೆಂಡರನ್ನು
ಡಿಸೆಂಬರಿನ ತನಕ ಓದಿದ.
ದೀಪ ಕಟ್ಟಿದ ಸಪೂರ ನಳಿಗೆ ಮೂಗಿನೊಳಗೆ ಹೋಗಿ ಬಂತು.
ಅವರ ಮಾತು ತಪ್ಪಬಾರದೆಂದು
ಬಲಗಿವಿ ಅವರತ್ತ ತಿರುಗಿಸಿ ಕೂತಿದ್ದೆ.
"ಏನೂ ಇಲ್ಲ."
ಸರಿಯಾಗಿಯೇ ಕೇಳಿಸಿತ್ತು.
ಆದರೂ ಕೇಳಿಸಲಿಲ್ಲ ಎಂದೆ,
ಇನ್ನೊಮ್ಮೆ ಹೇಳಿಸಿದೆ.

ಬೆಂಚಿನಲ್ಲಿ ನಾನು, ಪಕ್ಕದಲ್ಲಿ ನಾಲ್ಕು ವರ್ಷದ ಪೋರ,
ಇಬ್ಬರಿಗೂ ಒಂದೇ ಬಗೆಯ ಗ್ರೋಮೆಟ್,
ಅಕ್ಕಿಕಾಳಿಗಿಂತ ಸಣ್ಣದು, ನಡುವೆ ತೂತು.
ಅವನಿಗೆ ನಿದ್ದೆ ಬರಿಸುತ್ತಾರಂತೆ,
ನನಗೆ ಮರಗಟ್ಟಿಸಿ, ಎಚ್ಚರದಲ್ಲೇ.
ಹೀರುವ ಸದ್ದೇ ಆ ಕಿವಿಯ ಮೊದಲ ಸದ್ದು,
ಗಂಜಿಯ ತಿಳಿಯನ್ನು ಯಾರೋ ಸುರ್ರೆಂದು ಎಳೆದ ಹಾಗೆ.
ಬಂದದ್ದನ್ನು ತೋರಿಸಿದರು:
ನೀರಲ್ಲ ಅದು, ಹಲಸಿನ ಮೇಣ.
ನಾಲ್ಕು ತಿಂಗಳು ಇದರ ಹಿಂದೆ ಕೂತು
ಊರೆಲ್ಲ ಪಿಸುಗುಟ್ಟುತ್ತಿದೆ ಎಂದುಕೊಂಡಿದ್ದೆ.

ಮೆಟ್ಟಿಲು ಇಳಿಯುವಾಗ
ನನ್ನ ಸೀರೆಯ ನೆರಿಗೆ ಸದ್ದು ಮಾಡಿತು.
ಸುಧಾಕರನ ಕಿಸೆಯಲ್ಲಿ ಚಿಲ್ಲರೆ, ಅವನ ಉಸಿರಲ್ಲಿ ಸಣ್ಣ ಸಿಳ್ಳೆ,
(ಇದು ಯಾವಾಗಿನಿಂದ? ಕೇಳಬೇಕು.)
ಬಸ್ಸಿನ ಬಾಗಿಲಿಗೆ ಜೋತುಬಿದ್ದ ಹುಡುಗ
ಮಲ್ಪೆ ಮಲ್ಪೆ ಮಲ್ಪೆ ಎಂದ,
ಮೂರೂ ಬೇರೆಬೇರೆ ಮಲ್ಪೆ.

ತಲೆಸ್ನಾನಕ್ಕೆ ವ್ಯಾಸಲೀನು ಸವರಿದ ಹತ್ತಿ.
ಸಮುದ್ರದಲ್ಲಿ ಮುಳುಗು ಹಾಕುವ ಹಾಗಿಲ್ಲ.
ವರ್ಷದೊಳಗೆ ತಾನೇ ಉದುರುತ್ತದಂತೆ,
ಹಾಲುಹಲ್ಲಿನ ಹಾಗೆ, ನಲವತ್ತೇಳಕ್ಕೆ.

ಸೋಮವಾರ ದಕ್ಕೆಗೆ ಹೋದೆ.
ಅಂಜಲಿನ ರಾಶಿಯ ಆಚೆ ಬದಿಯಿಂದ, ಮೆಲ್ಲಗೆ,
"ಕೆಪ್ಪಿ ಬಂದ್ಳು, ಇನ್ನು ಗಟ್ಟಿ ಹೇಳಿ."
ಯಾದವನ ದನಿ.
ಆಮೇಲೆ ಎಲ್ಲರೂ ನನಗಾಗಿ ಗಂಟಲು ಹರಿದುಕೊಂಡರು,
ಎಣ್ಪ! ಎಣ್ಪತ್ತೈನ್!
ಆಗಸ್ಟಿನಿಂದಲೂ ಹೀಗೇ ಕೂಗುತ್ತಿದ್ದರೋ ಏನೋ,
ಅಷ್ಟೂ ಕೂಗು ನನಗೆ ತಲುಪಿದ್ದು
ತಗ್ಗಿಸಿದ ಮಾತಾಗಿ.

ಪುಸ್ತಕ ಬಿಚ್ಚಿ ಎಂಬತ್ತೈದು ಎಂದು ಬರೆದೆ.
ಗುಣವಾಗಿದೆ ಎಂದು ಇವತ್ತು ಹೇಳುವುದಿಲ್ಲ.
ಇನ್ನೆರಡು ದಿನ ಹೋಗಲಿ,
ಮೆಲ್ಲಗೆ ಆಡುವುದು ಇನ್ನೇನೇನಿದೆಯೋ
ಅದೂ ಒಮ್ಮೆ ಲೆಕ್ಕಕ್ಕೆ ಬರಲಿ.